ತುಂಡಾದ ಹುಳದಲ್ಲಿ ಜೀವ ಯಾವ ಕಡೆ?

ಬ್ಯಾಡರಹಳ್ಳಿಯಂಥ ಊರುಗಳ ಮನೆಗಳಲ್ಲಿ ಹಲ್ಲಿ ಲೊಚಗುಟ್ಟಿದರೆ ನೆಲ ತಟ್ಟಿ ‘ಕೃಷ್ಣ ಕೃಷ್ಣ’ ಎನ್ನುವ ಹಿರಿಯರು ಇನ್ನೂ ಇದ್ದಾರೆ. ಮೈಮೇಲೆ ಬಿದ್ದರೆ ಪಂಚಾಂಗ ತೆಗೆದು ಫಲ ನೋಡುವವರೂ ಇದ್ದಾರೆ. ಆದರೆ ಬಾಗಿಲ ಸಂದಿಗೆ ಸಿಕ್ಕಿ ಕಳಚಿದ ಬಾಲ ನೆಲದ ಮೇಲೆ ವಿಲವಿಲನೆ ಹೊರಳುವಾಗ ಮಕ್ಕಳು ಕೇಳುವ ಪ್ರಶ್ನೆಗೆ ಯಾವ ಪಂಚಾಂಗದಲ್ಲೂ ಉತ್ತರವಿಲ್ಲ. ಜೀವ ಇರುವುದು ಬಾಲದಲ್ಲೋ, ಓಡಿಹೋದ ಹಲ್ಲಿಯಲ್ಲೋ?

ಪ್ರಶ್ನೆ ಬಹಳ ಹಳೆಯದು. ಜೈನರ ಭಗವತೀ ಸೂತ್ರದಲ್ಲಿ ಶಿಷ್ಯ ಗೌತಮ ಗಣಧರ ಮಹಾವೀರನನ್ನು ಹೆಚ್ಚುಕಡಿಮೆ ಇದನ್ನೇ ಕೇಳುತ್ತಾನೆ: ಆಮೆಯನ್ನೋ ಉಡವನ್ನೋ ತುಂಡು ಮಾಡಿದರೆ ಆ ತುಂಡುಗಳ ನಡುವಿನ ಜಾಗದಲ್ಲಿ ಆತ್ಮ ಇರುತ್ತದೆಯೇ? ಇರುತ್ತದೆ ಎಂಬುದು ಉತ್ತರ. ಮುರಿದ ತಾವರೆ ದಂಟಿನ ನಡುವೆ ಎಳೆ ಹಿಗ್ಗುವಂತೆ ಜೀವವೂ ಹಿಗ್ಗಿ, ಮತ್ತೆ ಮೂಲ ದೇಹಕ್ಕೆ ಮರಳುತ್ತದೆ ಎಂದರು ಮುಂದಿನ ತಾರ್ಕಿಕರು. ಶ್ರವಣಬೆಳಗೊಳದ ದಿಗಂಬರ ಪರಂಪರೆ ಈ ಆಗಮವನ್ನು ಒಪ್ಪುವುದಿಲ್ಲ. ಜೀವ ದೇಹದಷ್ಟೇ ಅಗಲ ಎಂಬುದನ್ನು ಮಾತ್ರ ಒಪ್ಪುತ್ತದೆ. ಉಡುಪಿಯ ಮಾಧ್ವರಿಗೂ ಮೇಲುಕೋಟೆಯ ಶ್ರೀವೈಷ್ಣವರಿಗೂ ಜೀವ ಅಣು, ಕತ್ತರಿಸಿದರೂ ತುಂಡಾಗದು.

ಹಲ್ಲಿಯ ಮಟ್ಟಿಗೆ ಇವರೆಲ್ಲರೂ ಪಾರು. ಬಾಲದೊಳಗೆ ಉಳಿದ ನರಗಳು ಒಂದಷ್ಟು ನಿಮಿಷ ಸ್ನಾಯುಗಳನ್ನು ಕುಣಿಸುತ್ತವೆ, ಆಮೇಲೆ ಮುಗಿಯಿತು. ಹಲ್ಲಿಗೆ ಹೊಸ ಬಾಲ ಬಂದರೂ ಅದರಲ್ಲಿ ಬೆನ್ನುಮೂಳೆಯ ಮಣಿಗಳಿರುವುದಿಲ್ಲ, ಮೃದ್ವಸ್ಥಿಯ ಕೊಳವೆಯಷ್ಟೇ ಇರುತ್ತದೆ.

ಕಷ್ಟಕ್ಕೆ ಸಿಕ್ಕಿಸುವುದು ಪ್ಲನೇರಿಯ ಎಂಬ ಚಪ್ಪಟೆ ಹುಳ.

ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿರುವ ಇನ್‌ಸ್ಟೆಮ್ ಸಂಸ್ಥೆಯಲ್ಲಿ ದಾಶರಥಿ ಪಾಲಕೊಡೇಟಿ ಅವರ ತಂಡ ಈ ಹುಳವನ್ನೇ ಅಧ್ಯಯನ ಮಾಡುತ್ತದೆ. ಅಡ್ಡಡ್ಡ ಕತ್ತರಿಸಿದರೆ ತಲೆಯ ತುಂಡಿಗೆ ಬಾಲ ಬರುತ್ತದೆ. ಬಾಲದ ತುಂಡಿಗೆ ಮಿದುಳು, ಕಣ್ಣು ಸಮೇತ ತಲೆಯೇ ಬರುತ್ತದೆ. ಒಂದೆರಡು ವಾರ ಸಾಕು. ಮೈತುಂಬ ಹರಡಿರುವ ನಿಯೋಬ್ಲಾಸ್ಟ್ ಎಂಬ ಸ್ಟೆಮ್ ಸೆಲ್‌ಗಳ, ಅಂದರೆ ಆಕರಕೋಶಗಳ ಕೆಲಸ ಇದು. 2011ರಲ್ಲಿ ಅಮೆರಿಕದ ವಿಜ್ಞಾನಿಗಳು ವಿಕಿರಣದಿಂದ ಹುಳದ ಆಕರಕೋಶಗಳನ್ನೆಲ್ಲ ಕೊಂದು, ಬೇರೆ ಹುಳದ ಒಂದೇ ಒಂದು ಕೋಶವನ್ನು ಒಳಗೆ ಬಿಟ್ಟರು. ಸಾಯಬೇಕಿದ್ದ ಹುಳ ಬದುಕಿತು. ಮೆಲ್ಲಗೆ ಅದರ ಮೈಯೆಲ್ಲ ದಾನಿಯ ಕೋಶಗಳೇ ತುಂಬಿದವು. ಈಗ ಅದು ಯಾವ ಹುಳ? 2013ರಲ್ಲಿ ಟಫ್ಟ್ಸ್ ವಿಶ್ವವಿದ್ಯಾಲಯದ ಪ್ರಯೋಗ ಇನ್ನೊಂದು ಗಂಟು ಹಾಕಿತು. ಪಾಠ ಕಲಿತ ಹುಳದ ತಲೆ ಕತ್ತರಿಸಿದರು. ಹೊಸ ತಲೆ ಬಂದ ಮೇಲೆ, ಸ್ವಲ್ಪ ನೆನಪಿಸಿದ್ದಕ್ಕೇ ಅದು ಹಳೆಯ ಪಾಠವನ್ನು ಬೇಗ ಹಿಡಿಯಿತು.

ಅಣುವಾದ ಜೀವ ಒಂದು ತುಂಡಿನಲ್ಲಿದ್ದರೆ ಇನ್ನೊಂದಕ್ಕೆ ಹೊಸ ಜೀವ ಬಂದಿರಬೇಕು. ಸಿದ್ಧ ದ್ರವ್ಯಕ್ಕೆ ಜೀವ ಬಂದು ಸೇರುವ ಸಮ್ಮೂರ್ಛನ ಜನ್ಮ ಜೈನರಲ್ಲಿದೆ, ಅವರು ಇದನ್ನು ಸುಲಭವಾಗಿ ಒಪ್ಪಿಯಾರು. ಗಡಿಗೆ ಒಡೆದರೂ ಅದರೊಳಗಿನ ಆಕಾಶ ಒಡೆಯದು ಎಂದು ಅದ್ವೈತಿ ನಕ್ಕುಬಿಡಬಹುದು. ಆದರೆ ನಿಜವಾದ ತೊಡಕು ಆತ್ಮದ್ದಲ್ಲ, ಕರ್ಮದ್ದು. ಎರಡು ತುಂಡುಗಳೂ ಒಂದೇ ಬಾಳಿನ ವಾರಸುದಾರರು; ಹಳೆಯ ನೆನಪು ಬಾಲದ ಕಡೆಯೂ ಉಳಿಯಬಹುದು. ಹಾಗಾದರೆ ಪ್ರಾರಬ್ಧ ಉಣ್ಣುವವರು ಯಾರು? ಒಂದು ಕರ್ಮಕ್ಕೆ ಒಬ್ಬನೇ ಭೋಕ್ತೃ ಎಂದು ಈ ದರ್ಶನಗಳೆಲ್ಲ ಹಿಡಿದುಕೊಂಡ ನಂಬಿಕೆಗೇ ಈ ಹುಳ ಕೈ ಹಾಕಿದೆ.

ಇಂಥ ಪ್ರಶ್ನೆಯನ್ನು ಎದುರಿಸುವ ಬದಲು ಪುರಾಣದಲ್ಲೇ ವಿಜ್ಞಾನ ಹುಡುಕುವವರೂ ಇದ್ದಾರೆ. 2019ರ ಜನವರಿಯಲ್ಲಿ ಜಲಂಧರ್‌ನ ವಿಜ್ಞಾನ ಕಾಂಗ್ರೆಸ್‌ನಲ್ಲಿ ಕುಲಪತಿಯೊಬ್ಬರು ಕೌರವರು ಹುಟ್ಟಿದ್ದೇ ಸ್ಟೆಮ್ ಸೆಲ್ ತಂತ್ರಜ್ಞಾನದಿಂದ ಎಂದುಬಿಟ್ಟರು. ಅದು ಪುರಾಣಕ್ಕೂ ಗೌರವವಲ್ಲ, ವಿಜ್ಞಾನಕ್ಕೂ ಅಲ್ಲ. ಪೂರ್ವಪಕ್ಷವನ್ನು, ಅಂದರೆ ಎದುರಾಳಿಯ ವಾದವನ್ನು, ಎದುರಿಸಿ ವಾದಿಸುವುದು ಈ ನೆಲದ ಪದ್ಧತಿ. ಉಡುಪಿ, ಶೃಂಗೇರಿ, ಮೇಲುಕೋಟೆಯ ವಿದ್ವಾಂಸರು ಮುಂದಿನ ವಾಕ್ಯಾರ್ಥ ಸಭೆಯಲ್ಲಿ ಪ್ಲನೇರಿಯವನ್ನೇ ಪೂರ್ವಪಕ್ಷವಾಗಿ ಎತ್ತಿಕೊಳ್ಳಲಿ.