ಬಣ್ಣ ನನ್ನದು, ಬೆಳಕು ಯಾರದು?

ಹೊಸ ಕಾರಿನ ಬಣ್ಣಕ್ಕೆ ಪಿಪಿಎಫ್ ಹಾಕಿಸಲು ಯಲಹಂಕದ ಅಂಗಡಿಗೆ ಹೋಗಿದ್ದೆ. ಪಾಲಿಯುರೆಥೇನಿನ ಈ ಪಾರದರ್ಶಕ ಫಿಲ್ಮ್ ಬಣ್ಣದ ಬದಲು ತಾನೇ ಗೀರು ತಿನ್ನುತ್ತದೆ. ಸಣ್ಣಪುಟ್ಟ ಗೀರು ಬಿಸಿಲಿನ ಕಾವಿಗೆ ಮಾಯುವುದೂ ಉಂಟು. "ಹೆಡ್‌ಲೈಟಿಗೂ ಹಾಕೋಣ ಸಾರ್, ಸ್ಮೋಕ್ ಕಲರ್ ಚೆನ್ನಾಗಿರುತ್ತೆ" ಎಂದ ಹುಡುಗ. ಹೂಂ ಎಂದೆ.

ಅದೇ ವಾರ ಒಂದು ರಾತ್ರಿ, ಹೆಬ್ಬಾಳದ ಬಳಿ ಬಳ್ಳಾರಿ ರಸ್ತೆ ದಾಟುತ್ತಿದ್ದ ಹಿರಿಯರೊಬ್ಬರು ನನಗೆ ಕಂಡಿದ್ದು ತೀರಾ ಹತ್ತಿರ ಬಂದಮೇಲೆ. ಸದ್ಯ, ಬ್ರೇಕ್ ಹಿಡಿಯಿತು. ತಪ್ಪು ತಮ್ಮದೇ ಎಂಬಂತೆ ಅವರು ಕೈಯೆತ್ತಿ ದಾಟಿಹೋದರು.

2012ರಲ್ಲಿ ಸುಪ್ರೀಂ ಕೋರ್ಟ್ ಕಾರಿನ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವುದನ್ನು ನಿಷೇಧಿಸಿದಾಗ 'ನನ್ನ ಕಾರು, ನನ್ನಿಷ್ಟ' ಎಂದು ಗೊಣಗಿದವನು ನಾನು. ಬಣ್ಣದ ಮಟ್ಟಿಗೆ ಆ ಮಾತು ಸರಿ: ಗೀರು ಬಿದ್ದರೆ ನಷ್ಟ ನನಗೇ. ದೀಪ ಹಾಗಲ್ಲ. ದುಡ್ಡು ನಾನೇ ಕೊಟ್ಟಿದ್ದರೂ ಅದರ ಬೆಳಕಿನಲ್ಲಿ ರಸ್ತೆ ದಾಟುವವರಿಗೂ ಪಾಲಿದೆ.

ಮರುದಿನ ದೀಪದ ಫಿಲ್ಮ್ ಕೀಳಿಸಿ, ತಿಳಿಯಾದದ್ದು ಹಾಕಿಸಿದೆ. ಪಾಲಿಕಾರ್ಬನೇಟ್ ಹೊದಿಕೆ ಬಿಸಿಲಿಗೆ ಹಳದಿಗಟ್ಟಿದರೂ ಬೆಳಕು ಕುಗ್ಗುತ್ತದಲ್ಲ. ಆದರೆ ಒಂದು ಮಾತು ಇನ್ನೂ ಚುಚ್ಚುತ್ತದೆ: ಬಾನೆಟ್ಟಿಗೆ ಗೀರು ಬೀಳದಂತೆ ಅಷ್ಟೆಲ್ಲ ಯೋಚಿಸಿದ ನಾನು, ಅದರ ಮುಂದೆ ನಡೆದುಹೋಗುವವರನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.