ಗುಡ್ಡದ ದಾರಿ ಯಾರದು?

ಮಧುಗಿರಿಯ ಏಕಶಿಲಾ ಬೆಟ್ಟ ಹತ್ತುವವನಿಗೆ ದಾರಿ ಯಾರದೆಂಬ ಪ್ರಶ್ನೆ ಹುಟ್ಟುವುದಿಲ್ಲ. ಅಲ್ಲಿ ಕೋಟೆಯ ಬಾಗಿಲುಗಳಿವೆ, ಮೆಟ್ಟಿಲುಗಳಿವೆ. ಪಾವಗಡದ ಕೋಟೆಬೆಟ್ಟ, ಕೊರಟಗೆರೆ ತಾಲ್ಲೂಕಿನ ಸಿದ್ಧರಬೆಟ್ಟಗಳಿಗೂ ಜನ ನಡೆದು ಸವೆಸಿದ ದಾರಿಗಳಿವೆ. ಆದರೆ ಶಿರಾದಿಂದ ಪಾವಗಡದವರೆಗೆ ಹಬ್ಬಿರುವ ಬಂಡೆಗುಡ್ಡಗಳಲ್ಲಿ ಹೆಚ್ಚಿನವು ಹೀಗಿಲ್ಲ. ಅವುಗಳ ಬುಡದವರೆಗೂ ಯಾರದೋ ಕಡಲೆಕಾಯಿ ಹೊಲ, ಯಾರದೋ ಹುಣಸೆಮರ. ರಜೆಯ ದಿನ ನಡೆಯಲು ಹೊರಟವರು ಆ ಹೊಲ ದಾಟಿಯೇ ನೆತ್ತಿ ಮುಟ್ಟಬೇಕು. ಹಾಗೆ ದಾಟುವ ಹಕ್ಕು ಅವರಿಗಿದೆಯೇ?

ಕಂದಾಯ ಇಲಾಖೆಯ ಬಳಿ ಒಂದು ಉತ್ತರವಿದೆ. ರೈತನ ಹಿಡುವಳಿಯೊಳಗೆ ಬಂದ, ಉಳಲಾಗದ ಬಂಡೆ 'ಎ' ಖರಾಬು. ರಸ್ತೆ, ಕಾಲುದಾರಿ, ಸ್ಮಶಾನದಂಥ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ನೆಲ 'ಬಿ' ಖರಾಬು. ನಕಾಶೆ ಕಂಡ ದಾರಿಯನ್ನು ಯಾರೂ ಮುಚ್ಚುವಂತಿಲ್ಲ. ನಕಾಶೆಯಲ್ಲಿ ಇಲ್ಲದ ಕಡೆ ಏನು ಮಾಡಬೇಕು? ನಮ್ಮ ಪ್ರಶ್ನೆ ಶುರುವಾಗುವುದೇ ಅಲ್ಲಿ.

'ಬಂಡೆಯನ್ನು ಯಾರೂ ಬೆಳೆದದ್ದಲ್ಲ, ನೋಟಕ್ಕೆ ಬೆಲೆಯಿಲ್ಲ' ಎನ್ನುತ್ತಾನೆ ನಡೆಯುವವನು. ಮಾತು ಅರ್ಧ ನಿಜ. ನೋಟದಿಂದ ರೈತನಿಗೆ ನಷ್ಟವಿಲ್ಲ, ನಷ್ಟ ಹೆಜ್ಜೆಯಿಂದ. ಕಡಲೆಕಾಯಿ ಗಿಡ ಹೂ ಬಿಟ್ಟ ಮೇಲೆ ಅದರ ಎಳೆ ಕಡ್ಡಿಗಳು ಮಣ್ಣಿಗಿಳಿದು ಅಲ್ಲಿ ಕಾಯಿ ಕಟ್ಟುತ್ತವೆ. ಆ ಹೊತ್ತಿನಲ್ಲಿ ತುಳಿದದ್ದು ಮೇಲಿಂದ ನೋಡಿದರೆ ಗೊತ್ತಾಗುವುದೂ ಇಲ್ಲ. ಬೇಸಿಗೆಯಲ್ಲಿ ಎಸೆದ ಒಂದು ಬೀಡಿ ಸಾಕು, ಕುರಿ ಮೇಯುವ ಹುಲ್ಲೆಲ್ಲ ಬೂದಿ.

'ಪಹಣಿ ನನ್ನ ಹೆಸರಲ್ಲಿದೆ' ಎನ್ನುತ್ತಾನೆ ರೈತ. ಇದೂ ಅರ್ಧ ನಿಜವೇ. ಪಾವಗಡದ ತಿರುಮಣಿ ಸುತ್ತಲ ಐದು ಹಳ್ಳಿಗಳಲ್ಲಿ ಸೌರ ವಿದ್ಯುತ್ತಿಗಾಗಿ ಸುಮಾರು 13,000 ಎಕರೆಯನ್ನು ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಕರಾರು ಅದು. ಪಹಣಿ ಇದ್ದವರನ್ನು ಕೇಳಿದರು, ಹಣ ಕೊಟ್ಟರು. ಅದೇ ಬಯಲಲ್ಲಿ ಕುರಿ ಮೇಯಿಸುತ್ತಿದ್ದ, ಕೂಲಿ ಮಾಡುತ್ತಿದ್ದ ಜಮೀನಿಲ್ಲದವರ ಬಳಿ ತೋರಿಸಲು ಕಾಗದವಿರಲಿಲ್ಲ. ಒಡೆತನವೇ ಕೊನೆಯ ಮಾತಾದರೆ, ಬೇಲಿ ಮೊದಲು ತಡೆಯುವುದು ಪಟ್ಟಣದ ಚಾರಣಿಗನನ್ನಲ್ಲ, ಕುರಿಯವನನ್ನು. ಸೌದೆ ಹೊರುವ ಹೆಂಗಸನ್ನು.

ಸ್ಕಾಟ್ಲೆಂಡ್ 2003ರ ಕಾನೂನಿನಲ್ಲಿ ಖಾಸಗಿ ಗುಡ್ಡಗಳ ಮೇಲೂ ಜವಾಬ್ದಾರಿಯಿಂದ ನಡೆಯುವ ಹಕ್ಕನ್ನು ಎಲ್ಲರಿಗೂ ಕೊಟ್ಟಿತು. ಬೆಳೆಯಿರುವ ಹೊಲವನ್ನು ಹೊರಗಿಟ್ಟಿತು. ನಮ್ಮ ಸೀಮೆಯಲ್ಲಿ ಬಂಡೆಯ ಅಂಚಿನವರೆಗೂ ಬಿತ್ತುತ್ತಾರೆ. ಆ ಕಾನೂನನ್ನು ಇಲ್ಲಿಗೆ ತಂದರೂ ಮಳೆಗಾಲದಲ್ಲಿ ಉಪಯೋಗ ಕಡಿಮೆ.

ಹಾಗಾಗಿ ಉಳಿಯುವುದು ಬಹಳ ಹಳೆಯ ಒಂದು ಉಪಾಯ: ಕೇಳುವುದು. ಕುರ್‌ಆನಿನ ನೂರ್ ಅಧ್ಯಾಯ, ಪರರ ಮನೆಗೆ ಅನುಮತಿ ಕೇಳದೆ, ಸಲಾಮ್ ಹೇಳದೆ ಹೋಗಬೇಡಿ ಎನ್ನುತ್ತದೆ. ಹಿಂದಿರುಗಿ ಎಂದರೆ ಹಿಂದಿರುಗಿ ಎಂದೂ ಹೇಳುತ್ತದೆ. ಅದು ಮನೆಯ ಬಗ್ಗೆ ಹೇಳಿದ ಮಾತು, ನಿಜ. ಆದರೆ ಮಳೆಯನ್ನೇ ನಂಬಿದ ರೈತನಿಗೆ ಬೆಳೆದು ನಿಂತ ಹೊಲ ಮನೆಗಿಂತ ಕಡಿಮೆಯೇ? 'ಬೇಡ' ಎಂಬ ಉತ್ತರಕ್ಕೆ ತಯಾರಿಲ್ಲದವನು ಕೇಳುವುದು ಕೇಳುವಿಕೆಯಲ್ಲ, ಬರೀ ತಿಳಿಸುವಿಕೆ.

'ಯಜಮಾನ್ರೇ, ಗುಡ್ಡಕ್ಕೆ ಹೋಗಬಹುದಾ?' ಎಂದು ಕೇಳಿದರೆ ನಮ್ಮ ಕಡೆ ಸಾಮಾನ್ಯವಾಗಿ ಬರುವ ಉತ್ತರ ಇದು: 'ಬದುವಿನ ಮೇಲೆ ಹೋಗಿ ಸ್ವಾಮಿ. ಹುಷಾರು, ಕರಡಿ ಐತೆ.' ಕೇಳಿದವನಿಗೆ ಅನುಮತಿಯ ಜೊತೆಗೆ ದಾರಿ ಸಿಕ್ಕಿತು, ಎಚ್ಚರಿಕೆಯೂ ಸಿಕ್ಕಿತು. ಕೇಳದೆ ನುಗ್ಗಿದವನಿಗೆ ನೆತ್ತಿ ಸಿಗಬಹುದು. ಆದರೆ ಅವನ ಹಿಂದೆ ಬರುವವರಿಗೆ ಸಿಗುವುದು ಜಾಲಿಮುಳ್ಳಿನ ಬೇಲಿ. ಆ ಬೇಲಿ ಕುರಿಯವನಿಗೂ ಅಡ್ಡವೇ.