‘ಆಯ್ತು’ ಎಂಬ ಎರಡಕ್ಷರ

ದಿನವೊಂದಕ್ಕೆ ನೀವು ಎಷ್ಟು ಬಾರಿ ‘ಆಯ್ತು’ ಎನ್ನುತ್ತೀರೆಂದು ಒಮ್ಮೆ ಎಣಿಸಿ ನೋಡಿ. ಮಧ್ಯಾಹ್ನದೊಳಗೇ ಲೆಕ್ಕ ತಪ್ಪುತ್ತದೆ. ಪೂಜೆ ಆಯ್ತು, ತಡ ಆಯ್ತು, ಮಗಳಿಗೆ ಗಂಡು ಮಗು ಆಯ್ತು, ಕೇಳಿ ಸಂತೋಷ ಆಯ್ತು. ಜಗಳವನ್ನು ಅಲ್ಲಿಗೇ ಬಿಡುವವರು ‘ಆಯ್ತು ಬಿಡಿ’ ಎನ್ನುತ್ತಾರೆ. ಬಿಡಲೊಲ್ಲದವರು ‘ಆಯ್ತು, ನೋಡ್ಕೋತೀನಿ’ ಎನ್ನುತ್ತಾರೆ. ‘ಊಟ ಆಯ್ತಾ?’ ಎಂಬುದಂತೂ ಪ್ರಶ್ನೆಯೇ ಅಲ್ಲ, ನಮಸ್ಕಾರ. ‘ಇಲ್ಲ, ಆಗಿಲ್ಲ’ ಎಂದುಬಿಟ್ಟರೆ ಕೇಳಿದವರಿಗೇ ಗಾಬರಿ!

‘ಆಗು’ ಎಂಬ ಧಾತುವಿನ ಭೂತಕಾಲದ ರೂಪ ‘ಆಯಿತು’. ಅದು ಆಡುಮಾತಿನಲ್ಲಿ ‘ಆಯ್ತು’. ಎಂದರೆ ಆಗಿ ಮುಗಿದದ್ದು. ವಿಚಿತ್ರವೆಂದರೆ, ಇನ್ನೂ ಆಗದೇ ಇರುವುದಕ್ಕೆ ಒಪ್ಪಿಗೆ ಕೊಡುವಾಗಲೂ ನಾವು ಬಳಸುವುದು ಈ ರೂಪವನ್ನೇ. ‘ನಾಳೆ ಅಜ್ಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಪ್ಪ’ ಎಂದು ತಾಯಿ ಹೇಳಿದರೆ, ಮಗ ‘ಆಯ್ತಮ್ಮ’ ಎನ್ನುತ್ತಾನೆ. ನಾಳೆ ಇನ್ನೂ ಬಂದಿಲ್ಲ, ಅಜ್ಜಿ ಹಾಸಿಗೆ ಬಿಟ್ಟು ಎದ್ದಿಲ್ಲ, ಆದರೂ ‘ಆಯ್ತು’. ಇಂತಹ ಕಡೆ ತುಳುವರು ‘ಆವು’ ಎನ್ನುತ್ತಾರೆ. ಅದು ಮುಂದೆ ಆಗುವುದನ್ನು ಹೇಳುವ ರೂಪ. ಕನ್ನಡಿಗರಾದ ನಾವು ಹೆಚ್ಚಿನ ಸಾಲವನ್ನೇ ತಲೆಯ ಮೇಲೆ ಹೊತ್ತುಕೊಂಡಿದ್ದೇವೆ. ಮಾತು ಕೊಟ್ಟೊಡನೆ ಕೆಲಸ ಆದಂತೆಯೇ ಎಂಬ ನಂಬಿಕೆ ಈ ಪದದಲ್ಲಿ ಅಡಗಿದೆ ಎಂದು ನನಗೆ ತೋರುತ್ತದೆ. ವ್ಯಾಕರಣ ಪಂಡಿತರು ಬೇರೆ ಕಾರಣ ಕೊಟ್ಟಾರು.

ಹಾಗಾದರೆ ‘ಆಯ್ತು’ ಎಂದು ಹೇಳಿ ಮಾಡದೇ ಉಳಿದವನು ಸುಳ್ಳುಗಾರನೇ? ದ್ರಾಕ್ಷಿತೋಟಕ್ಕೆ ಹೋಗುತ್ತೇನೆಂದು ತಂದೆಗೆ ಹೇಳಿ ಹೋಗದೇ ಉಳಿದ ಮಗನ ಸಾಮತಿ ಸಂತ ಮತ್ತಾಯರ ಶುಭಸಂದೇಶದ 21ನೇ ಅಧ್ಯಾಯದಲ್ಲಿದೆ. 13ನೇ ಶತಮಾನದ ಸಂತ ತೋಮಸ್ ಅಕ್ವಿನಾಸರು ಇಲ್ಲಿ ಸೂಕ್ಷ್ಮವಾದ ಗೆರೆಯೊಂದನ್ನು ಎಳೆಯುತ್ತಾರೆ. ಮಾಡುವ ಮನಸ್ಸಿನಿಂದಲೇ ಮಾತು ಕೊಟ್ಟವನು ಆ ಗಳಿಗೆಯಲ್ಲಿ ಸುಳ್ಳಾಡಿದಂತಲ್ಲ. ಮುಂದೆ ಮನಸ್ಸು ಬದಲಿಸಿದರೆ ಮಾತಿಗೆ ತಪ್ಪಿದವನಾಗುತ್ತಾನೆ. ಪರಿಸ್ಥಿತಿಯೇ ಬದಲಾಗಿದ್ದರೆ ಕ್ಷಮೆಗೂ ಅರ್ಹನಾಗುತ್ತಾನೆ. ಸುಳ್ಳಿರುವುದು ಹೇಳುವಾಗಲೇ ಮಾಡುವ ಮನಸ್ಸಿಲ್ಲದವನ ಮಾತಿನಲ್ಲಿ.

ನನ್ನನ್ನು ಹೆಚ್ಚು ಕಾಡುವುದು ಈ ಕೊನೆಯವನೇ. ಅವನು ‘ಆಯ್ತು’ ಎನ್ನುವುದು ಒಪ್ಪಿಗೆಗಾಗಿ ಅಲ್ಲ, ಮಾತು ಮುಗಿಸಲಿಕ್ಕಾಗಿ. ಅವನನ್ನು ದೂಷಿಸುವುದು ಸುಲಭ. ಆದರೆ ನಮ್ಮ ಎಷ್ಟೋ ಮನೆಗಳಲ್ಲಿ ಹಿರಿಯರೆದುರು ‘ಆಗುವುದಿಲ್ಲ’ ಎನ್ನುವುದೇ ಉದ್ಧಟತನ. ‘ಆಯ್ತು, ಆದರೆ...’ ಎಂದು ತೊಡಗಿದರೂ ‘ಎದುರು ಮಾತಾಡಬೇಡ’ ಎಂಬ ಗದರಿಕೆ ಬರುತ್ತದೆ. ‘ಆದರೆ’ ಎಂಬುದೂ ‘ಆಗು’ ಧಾತುವಿನಿಂದಲೇ ಹುಟ್ಟಿದ ಮಾತು; ‘ಆಯ್ತು’ವಿಗೆ ಒಡಹುಟ್ಟು. ಅದರ ಬಾಯಿ ಕಟ್ಟಿ ಪಡೆದ ಒಪ್ಪಿಗೆ ಸುಳ್ಳಾದಾಗ, ಆ ಸುಳ್ಳಿನಲ್ಲಿ ಕೇಳಿದವರಿಗೂ ಪಾಲಿದೆ ಎಂದೇ ನನ್ನ ಎಣಿಕೆ.

ಮದುವೆಯ ವಿಷಯದಲ್ಲಿ ಈ ಮಾತು ಬಹಳ ಭಾರವಾಗುತ್ತದೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1057ನೇ ವಿಧಿಯ ಪ್ರಕಾರ ವಿವಾಹವನ್ನು ಉಂಟುಮಾಡುವುದು ವಧೂವರರ ಒಪ್ಪಿಗೆ. ಅವರ ಪರವಾಗಿ ಅದನ್ನು ಕೊಡುವ ಶಕ್ತಿ ಯಾವ ಮನುಷ್ಯನಿಗೂ ಇಲ್ಲ. ತಂದೆಗಿಲ್ಲ, ಸೋದರಮಾವನಿಗಿಲ್ಲ, ಧರ್ಮಗುರುವಿಗೂ ಇಲ್ಲ. ಒತ್ತಾಯದಿಂದ ಅಥವಾ ಗಂಭೀರವಾದ ಭಯದಿಂದ ಬಂದ ಒಪ್ಪಿಗೆಯ ವಿವಾಹ ಅಸಿಂಧುವೆಂದು 1103ನೇ ವಿಧಿ ಹೇಳುತ್ತದೆ. ಆದುದರಿಂದಲೇ ಮದುವೆಗೆ ಮುಂಚೆ ಹುಡುಗ ಹುಡುಗಿಯರನ್ನು ಬೇರೆ ಬೇರೆಯಾಗಿ ಕೂರಿಸಿ ವಿಚಾರಿಸುತ್ತೇವೆ. ಇದು ಬರಿಯ ಕಾಗದ ತುಂಬುವ ಕೆಲಸವೆಂದು ಕೆಲವು ತಂದೆತಾಯಿಯರು ತಿಳಿದಿದ್ದಾರೆ. ಮಗಳ ಜೊತೆಗೆ ತಾವೂ ಒಳಬಂದು, ಕೇಳಿದ ಪ್ರಶ್ನೆಗೆ ತಾವೇ ಉತ್ತರಿಸುತ್ತಾರೆ. ಅವರನ್ನು ವಿನಯದಿಂದಲೇ ಹೊರಗೆ ಕಳುಹಿಸಬೇಕಾಗುತ್ತದೆ. ಆಮೇಲೂ ಕೆಲವು ಹೆಣ್ಣುಮಕ್ಕಳು ನನ್ನನ್ನು ನೋಡದೆ, ಮುಚ್ಚಿದ ಬಾಗಿಲನ್ನು ನೋಡುತ್ತಾ ‘ಆಯ್ತು ಫಾದರ್’ ಎನ್ನುತ್ತಾರೆ. ಅಂತಹ ಉತ್ತರವನ್ನು ನಾನು ಕೂಡಲೇ ಬರೆದುಕೊಳ್ಳುವುದಿಲ್ಲ. ಅಡುಗೆ, ಓದು, ಕೆಲಸ ಎಂದು ಬೇರೇನನ್ನೋ ಮಾತಾಡಿ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಕೇಳುತ್ತೇನೆ. ಹೊರಗೆ ಕಾದವರಿಗೆ ಬೇಸರವಾದರೂ ಚಿಂತೆಯಿಲ್ಲ.

ನಜರೇತಿನಲ್ಲಿಯೂ ಹೀಗೆಯೇ ಒಬ್ಬಳ ಉತ್ತರಕ್ಕಾಗಿ ಕಾಯಲಾಯಿತು. ಸಂದೇಶ ತಂದವನು ದೇವದೂತ, ಕಳುಹಿಸಿದವರು ದೇವರು. ಇದಕ್ಕಿಂತ ಹಿರಿಯರು ಇನ್ನಾರು? ಆದರೂ ಮರಿಯಮ್ಮನವರು ಒಡನೆಯೇ ಒಪ್ಪಲಿಲ್ಲ. ಇದು ಆಗುವುದಾದರೂ ಹೇಗೆಂದು ಮೊದಲು ಕೇಳಿದರು. ಎದುರು ಮಾತೆಂದು ದೂತನು ಗದರಲಿಲ್ಲ, ವಿವರಿಸಿದನು. ಆ ಗಳಿಗೆಯಲ್ಲಿ ಲೋಕವೆಲ್ಲ ಆಕೆಯ ಉತ್ತರಕ್ಕಾಗಿ ಕಾದಿತ್ತೆಂದು 12ನೇ ಶತಮಾನದಲ್ಲಿ ಸಂತ ಬರ್ನಾರ್ಡರು ತಮ್ಮ ಪ್ರಬೋಧನೆಯೊಂದರಲ್ಲಿ ಕಲ್ಪಿಸಿಕೊಂಡರು. ನಮ್ಮ ಕನ್ನಡ ಬೈಬಲಿನಲ್ಲಿ ಆಕೆಯ ಒಪ್ಪಿಗೆ ‘ಆಗಲಿ’ ಎಂಬ ರೂಪದಲ್ಲಿದೆ. ಅದನ್ನು ಕೇಳಿದ ಮೇಲೆಯೇ ದೂತನು ಅಲ್ಲಿಂದ ಹೊರಟನೆಂದು ಸಂತ ಲೂಕರು ಬರೆಯುತ್ತಾರೆ.